ಬೆವರಿನ ಲೆಕ್ಕವೂ ಒಂದು ಸಾಕ್ಷ್ಯ

ಕೂಲಿಯ ಬಗ್ಗೆ ತಿಳಿಯಲು ಡಾಕ್ಟರೇಟ್ ಪದವಿಯೇ ಬೇಕೇ? ಈ ಪ್ರಶ್ನೆಯನ್ನು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನಾವು ಅನೇಕ ಬಾರಿ ಕೇಳಿಸಿಕೊಂಡಿದ್ದೇವೆ. ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದಾಳೆ ಎಂದು ತಂದೆ ಹೇಳಿದಾಗ ಮೊಹಲ್ಲಾದ ಹಿರಿಯರು ಸಂತೋಷಪಡುತ್ತಾರೆ. ಸಂಶೋಧನೆಯ ವಿಷಯ ಕೃಷಿ ಕೂಲಿಕಾರರ ದುಡಿಮೆ ಎಂದು ತಿಳಿದ ಕೂಡಲೇ ಆ ಸಂತೋಷ ಅರ್ಧಕ್ಕಿಳಿಯುತ್ತದೆ. ವೈದ್ಯಳಾದರೆ ರೋಗಿಗಳಿಗೆ ಉಪಕಾರ, ಬಿ.ಎಡ್. ಮಾಡಿದರೆ ಮಕ್ಕಳಿಗೆ ಉಪಕಾರ; ಹೊಲದಲ್ಲಿ ಕಳೆ ತೆಗೆಯುವವರನ್ನು ನಾಲ್ಕೈದು ವರ್ಷ ಕೂತು ಅಧ್ಯಯನ ಮಾಡಿದರೆ ಯಾರಿಗೆ ಏನು ಸಿಕ್ಕಿತು? ಕೂಲಿ ಎಂದರೇನೆಂಬುದು ನಮ್ಮ ಜನರಿಗೆ ಹುಟ್ಟಿನಿಂದಲೇ ಗೊತ್ತಲ್ಲ?

ಪ್ರಶ್ನೆಯಲ್ಲಿ ದುರುದ್ದೇಶವಿಲ್ಲ. ಬಡತನವನ್ನು ಅನುಭವಿಸಿದವರಿಗೆ ಬಡತನದ ಕುರಿತ ಪುಸ್ತಕ ಅನಗತ್ಯವೆನಿಸುವುದು ಸಹಜ. ಆದರೆ ಹಸಿವನ್ನು ಅನುಭವಿಸುವುದು ಬೇರೆ, ಆ ಹಸಿವು ಯಾವ ತಿಂಗಳಲ್ಲಿ, ಯಾವ ಕಾರಣದಿಂದ, ಯಾರ ಮನೆಗೆ ಮೊದಲು ಬರುತ್ತದೆ ಎಂದು ಅರಿಯುವುದು ಬೇರೆ. ಜ್ವರ ಬಂದವನಿಗೆ ಜ್ವರದ ತಾಪ ಗೊತ್ತಿರುತ್ತದೆ. ಅದರ ಕಾರಣ ಗೊತ್ತಿರಬೇಕೆಂದಿಲ್ಲ. ಅಭಿವೃದ್ಧಿ ಮತ್ತು ಶ್ರಮದ ಅರ್ಥಶಾಸ್ತ್ರ ಮಾಡುವ ಕೆಲಸ ಈ ಎರಡನೆಯದು. ಈ ಕೆಲಸ ನಮ್ಮ ನಾಲ್ಕು ತಾಲೂಕುಗಳಿಗೆ ಏಕೆ ಬೇಕು, ದುಡಿಮೆಯನ್ನು ಆರಾಧನೆಯಷ್ಟೇ ಗಂಭೀರವಾಗಿ ಕಾಣುವ ಸಮುದಾಯಕ್ಕೆ ವಿಶೇಷವಾಗಿ ಏಕೆ ಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಕರ್ನಾಟಕದ್ದೇ ಒಂದು ಉದಾಹರಣೆ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮಂಡ್ಯದ ಬಳಿಯ ಹಳ್ಳಿಗೆ ಬಂದಿಳಿದರು. ಆಸ್ಟ್ರಿಯಾದ ವಿಯೆನ್ನಾದಲ್ಲಿ 1922ರಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಅವರು ನಾಝಿಗಳ ದೌರ್ಜನ್ಯದಿಂದ ಪಾರಾಗಿ ಇಂಗ್ಲೆಂಡಿನಲ್ಲಿ ಆಶ್ರಯ ಪಡೆದಿದ್ದವರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಗಾಗಿ ಅಧ್ಯಯನ ಮಾಡುತ್ತಿದ್ದರು. 1956ರವರೆಗೆ ಅವರು ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅವುಗಳನ್ನು ವಂಗಲ ಮತ್ತು ದಲೇನ ಎಂದು ಕರೆದಿದ್ದಾರೆ. ವಂಗಲಕ್ಕೆ ಕಾಲುವೆಯ ನೀರು ಬಂದಿತ್ತು. ದಲೇನ ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅದರ ಹೊಲಗಳು ಒಣಭೂಮಿಯಾಗಿಯೇ ಉಳಿದಿದ್ದವು.

ನೀರು ಬಂದ ಊರು ಬದಲಾಗುತ್ತದೆ, ನೀರಿಲ್ಲದ ಊರು ಹಾಗೆಯೇ ಉಳಿಯುತ್ತದೆ ಎಂದು ಯಾರಾದರೂ ಊಹಿಸಬಹುದು. ಎಪ್‌ಸ್ಟೀನ್ ಕಂಡದ್ದು ಬೇರೆಯೇ. ವಂಗಲ ಶ್ರೀಮಂತವಾಯಿತು, ಆದರೆ ಅಲ್ಲಿನ ಬದುಕು ಬೇಸಾಯದ ಸುತ್ತಲೇ ಸುತ್ತುತ್ತಿದ್ದುದರಿಂದ ಒಕ್ಕಲಿಗ ಒಡೆಯ ಮತ್ತು ದಲಿತ ಆಳಿನ ನಡುವಿನ ವಂಶಪಾರಂಪರ್ಯದ ಸಂಬಂಧ ಬಹುಮಟ್ಟಿಗೆ ಹಾಗೆಯೇ ಮುಂದುವರಿಯಿತು. ದಲೇನದವರು ನೀರು ಸಿಗದ ಕಾರಣಕ್ಕೆ ಊರಾಚೆಗೆ ನೋಡಿದರು. ಕೆಲವರು ಮಂಡ್ಯದಲ್ಲಿ ನೌಕರಿ ಹಿಡಿದರು, ಕೆಲವರು ವ್ಯಾಪಾರಕ್ಕಿಳಿದರು, ಮತ್ತೆ ಕೆಲವರು ನೀರಾವರಿಯಿರುವ ಬೇರೆ ಊರುಗಳಲ್ಲಿ ಭೂಮಿ ಕೊಂಡರು. ಸಾಮಾಜಿಕ ಬದಲಾವಣೆ ಹೆಚ್ಚಾಗಿ ಕಂಡದ್ದು ಈ ಒಣ ಊರಿನಲ್ಲಿ. 1962ರಲ್ಲಿ ಈ ಅಧ್ಯಯನ ಪುಸ್ತಕವಾಯಿತು. 1970ರಲ್ಲಿ ಅವರು ಅದೇ ಹಳ್ಳಿಗಳಿಗೆ ಮರಳಿ ಬಂದರು, 1990ರ ದಶಕದಲ್ಲಿ ಮತ್ತೊಮ್ಮೆ ಬಂದರು. ಒಬ್ಬ ವಿದ್ಯಾರ್ಥಿನಿಯ ಪ್ರಶ್ನಾವಳಿ ನಲವತ್ತು ವರ್ಷಗಳ ಗ್ರಾಮೀಣ ಚರಿತ್ರೆಯಾಯಿತು.

ನಮ್ಮ ಪ್ರದೇಶವನ್ನು ಬಲ್ಲವರಿಗೆ ಈ ಕಥೆ ಓದಿದೊಡನೆ ಕೆಲವು ಪ್ರಶ್ನೆಗಳು ಏಳಬೇಕು. ಹಾನಗಲ್ಲಿಗೆ ಧರ್ಮಾ ಜಲಾಶಯದ ಕಾಲುವೆಗಳಿವೆ, ಹಳೆಯ ಕೆರೆಗಳಿವೆ, ಭತ್ತದ ಗದ್ದೆ ಮತ್ತು ಮಾವಿನ ತೋಟಗಳಿವೆ. ಶಿಗ್ಗಾವಿ ಮತ್ತು ಬಂಕಾಪುರದ ಮಗ್ಗುಲಿಗೇ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ; ಬೆಳಗ್ಗೆ ಬಸ್ಸು ಹತ್ತಿ ಹುಬ್ಬಳ್ಳಿಗೆ ದುಡಿಯಲು ಹೋದವರು ರಾತ್ರಿ ಮನೆಗೆ ಮರಳಬಹುದು. ಸವಣೂರಿನಲ್ಲಿ ನವಾಬರ ಕಾಲದ ನೆನಪಿನೊಂದಿಗೆ ವೀಳ್ಯದೆಲೆಯ ತೋಟಗಳೂ ಉಳಿದಿವೆ. ಹಿರೇಕೆರೂರಿನಲ್ಲಿ ಮದಗ ಮಾಸೂರು ಕೆರೆಯ ಕೆಳಗಿನ ಬದುಕು ಒಂದು ತೆರನಾದರೆ ಗೋವಿನಜೋಳ ಮತ್ತು ಹತ್ತಿಯ ಒಣಹೊಲದ ಬದುಕು ಇನ್ನೊಂದು ತೆರ. ಇಷ್ಟು ಹತ್ತಿರದಲ್ಲಿರುವ ನಾಲ್ಕು ತಾಲೂಕುಗಳಲ್ಲಿ ಕೂಲಿಕಾರನ ಸ್ಥಿತಿ ಒಂದೇ ಆಗಿದೆಯೇ? ನೀರಿರುವಲ್ಲಿ ಅವನು ಹೆಚ್ಚು ಸ್ವತಂತ್ರನೋ, ಹೆದ್ದಾರಿಯಿರುವಲ್ಲಿ ಹೆಚ್ಚು ಸ್ವತಂತ್ರನೋ? ಮಂಡ್ಯದ ಉತ್ತರವನ್ನು ತಂದು ಇಲ್ಲಿಗೆ ಅಂಟಿಸುವಂತಿಲ್ಲ. ಇಲ್ಲಿಯ ಉತ್ತರವನ್ನು ಇಲ್ಲಿಯ ಮನೆಗಳಲ್ಲಿಯೇ ಕೇಳಿ ತಿಳಿಯಬೇಕು.

ಮಳೆ ಕೈಕೊಟ್ಟಾಗ ಕೂಲಿಗೆ ಏನಾಗುತ್ತದೆ ಎಂಬುದು ಎರಡನೆಯ ಪ್ರಶ್ನೆ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಬರ ಬಂದಾಗ ರೈತನ ನಷ್ಟದ ಸಮೀಕ್ಷೆ ನಡೆಯುತ್ತದೆ, ಎಕರೆಗೆ ಇಷ್ಟೆಂದು ಪರಿಹಾರದ ಮಾತು ನಡೆಯುತ್ತದೆ. ಅದು ನ್ಯಾಯವೇ. ಆದರೆ ಆ ಹೊಲದಲ್ಲಿ ಕಳೆ ತೆಗೆಯಬೇಕಾಗಿದ್ದವಳ ನಷ್ಟ ಯಾವ ಪಹಣಿಯಲ್ಲಿ ದಾಖಲಾಗುತ್ತದೆ? ಅವಳ ಹೆಸರಿನಲ್ಲಿ ಭೂಮಿಯಿಲ್ಲ. ಆದ್ದರಿಂದ ಅವಳ ನಷ್ಟಕ್ಕೆ ಸರ್ವೆ ನಂಬರೂ ಇಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಸೀಮಾ ಜಯಚಂದ್ರನ್ 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಭಾರತದ ಜಿಲ್ಲೆಗಳ 1956ರಿಂದ 1987ರವರೆಗಿನ ಕೃಷಿ ಕೂಲಿಯ ಅಂಕಿ ಅಂಶಗಳನ್ನು ಮಳೆಯ ದಾಖಲೆಯೊಂದಿಗೆ ಹೋಲಿಸಿದರು. ಬೆಳೆ ಕೆಟ್ಟ ವರ್ಷ ಕೂಲಿಯ ದರ ಇಳಿಯುತ್ತದೆ. ಆದರೆ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಬ್ಯಾಂಕಿನ ಸೌಲಭ್ಯ ಕಡಿಮೆಯಿರುವಲ್ಲಿ, ಹೊರಗೆ ಹೋಗಿ ದುಡಿಯುವ ದಾರಿ ಕಷ್ಟವಾಗಿರುವಲ್ಲಿ ಹೆಚ್ಚು ಇಳಿಯುತ್ತದೆ. ಕೈಯಲ್ಲಿ ಉಳಿತಾಯವಿಲ್ಲದವನು, ಊರು ಬಿಡಲಾಗದವನು, ಸಾಲ ಸಿಗದವನು ಸಿಕ್ಕ ಬೆಲೆಗೆ ತನ್ನ ದೇಹಶ್ರಮವನ್ನು ಮಾರಬೇಕಾಗುತ್ತದೆ. ಬಡವನಿಗೆ ಬ್ಯಾಂಕು, ರಸ್ತೆ ಮತ್ತು ಬಸ್ಸು ಕೇವಲ ಸೌಕರ್ಯಗಳಲ್ಲ. ಕೂಲಿಯ ಚೌಕಾಸಿಯಲ್ಲಿ ಅವನ ಬೆನ್ನಿಗೆ ನಿಲ್ಲುವ ಬಲಗಳು ಎಂಬುದು ಇದರಿಂದ ಸ್ಪಷ್ಟವಾಯಿತು.

ಅದೇ ವಿಶ್ವವಿದ್ಯಾಲಯದಲ್ಲಿ ಓದಿದ ಸುಪ್ರೀತ್ ಕೌರ್ ಇದೇ ವಿಷಯವನ್ನು ಬೇರೊಂದು ಕಡೆಯಿಂದ ನೋಡಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಒಳ್ಳೆಯ ಮಳೆಯ ವರ್ಷ ಏರಿದ ಕೂಲಿಯ ದರ ಮುಂದಿನ ವರ್ಷ ಸುಲಭವಾಗಿ ಇಳಿಯುವುದಿಲ್ಲ. ಬದಲಾಗಿ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಎಮಿಲಿ ಬ್ರೆಝಾ ಮತ್ತು ನಂದಿತಾ ಕೃಷ್ಣಸ್ವಾಮಿ ಅವರೊಂದಿಗೆ ಒಡಿಶಾದ ಹಳ್ಳಿಗಳಲ್ಲಿ ಅವರು ನಡೆಸಿದ ಪ್ರಯೋಗದಲ್ಲಿ ಇನ್ನೊಂದು ಅಂಶ ಕಂಡಿತು. ಕೂಲಿಕಾರರು ಯಾರಿಗೂ ತಿಳಿಯದಂತೆ ಕೇಳಿದಾಗ ಕಡಿಮೆ ದರಕ್ಕೂ ಒಪ್ಪುತ್ತಿದ್ದರು. ನೆರೆಯವರ ಕಿವಿಗೆ ಬೀಳುವಂತೆ ಕೇಳಿದಾಗ ನಿರಾಕರಿಸುತ್ತಿದ್ದರು. ಊರಿನ ದರವನ್ನು ಮುರಿಯಬಾರದೆಂಬ ಅಲಿಖಿತ ನಿಯಮವೊಂದು ಅವರಲ್ಲಿತ್ತು. ಒಬ್ಬರ ಹಸಿವು ಎಲ್ಲರ ಕೂಲಿಯನ್ನು ಇಳಿಸದಿರಲಿ ಎಂಬ ಈ ಮರ್ಯಾದೆಯನ್ನು ಕಟ್ಟಿದ್ದು ಯಾವ ಸಂಘವೂ ಅಲ್ಲ, ಬಡವರ ವಿವೇಕ.

ಎರಡು ಅಧ್ಯಯನಗಳು ಒಂದನ್ನೊಂದು ಪೂರ್ತಿ ಒಪ್ಪುವುದಿಲ್ಲ. ವಿದ್ಯೆಯ ಮಾರ್ಗವೇ ಅಂಥದು. ನಮ್ಮ ಫಿಕ್ಹ್ ಪರಂಪರೆಯಲ್ಲಿಯೂ ಇಮಾಮರ ಭಿನ್ನಾಭಿಪ್ರಾಯಗಳನ್ನು ಗೌರವದಿಂದ ಓದುತ್ತೇವೆ. ಆದರೆ ಎರಡೂ ಸೇರಿ ಒಂದು ಮಾತನ್ನು ಖಚಿತವಾಗಿ ಹೇಳುತ್ತವೆ: ಬರಗಾಲದ ಭಾರ ಒಂದೋ ಕೂಲಿಯ ದರದ ಮೇಲೆ ಬೀಳುತ್ತದೆ, ಇಲ್ಲವೇ ಕೂಲಿಯ ದಿನಗಳ ಮೇಲೆ ಬೀಳುತ್ತದೆ. ದರವನ್ನು ಮಾತ್ರ ಕೇಳಿ, ಕಳೆದ ವರ್ಷದಷ್ಟೇ ಇದೆ ಎಂದು ಸಮಾಧಾನಪಡುವವರು ದಿನಗಳನ್ನು ಎಣಿಸಿಲ್ಲ. ಸವಣೂರಿನ ಅಥವಾ ಹಿರೇಕೆರೂರಿನ ಒಂದು ಮನೆಯಲ್ಲಿ ಬೇಸಿಗೆಯ ಮೂರು ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು ಎಂದು ಕೇಳಿ ಬರೆದುಕೊಳ್ಳದೆ ಆ ಮನೆಯ ಸ್ಥಿತಿಯನ್ನು ಯಾರೂ ಅರಿಯಲಾರರು.

ನಮ್ಮ ಹಾವೇರಿ ಜಿಲ್ಲೆ ಇಂಥ ಸಂಶೋಧನೆಯ ಹೊರಗೇನೂ ಇಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ದೇಶದಲ್ಲಿ ಮೂರು ಹಂತಗಳಲ್ಲಿ ಜಾರಿಗೆ ಬಂತು. 2006ರ ಫೆಬ್ರವರಿಯಲ್ಲಿ 200 ಜಿಲ್ಲೆಗಳು, 2007ರಲ್ಲಿ ಎರಡನೆಯ ಹಂತದ ಜಿಲ್ಲೆಗಳು, 2008ರ ಏಪ್ರಿಲ್‌ನಲ್ಲಿ ಉಳಿದವು. ಹಿಂದುಳಿದ ಜಿಲ್ಲೆಗಳಿಗೆ ಮೊದಲ ಆದ್ಯತೆ ಎಂಬ ನೀತಿಯಂತೆ ನೆರೆಯ ದಾವಣಗೆರೆ ಮೊದಲ ಹಂತದಲ್ಲಿಯೇ ಬಂದಿತು. ಹಾವೇರಿ ಕೊನೆಯ ಹಂತದಲ್ಲಿ ಬಂದಿತು. ಆಗ ಡಾಕ್ಟರೇಟ್ ವಿದ್ಯಾರ್ಥಿಗಳಾಗಿದ್ದ ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪ್ಯಾಪ್ ಈ ಅಂತರವನ್ನೇ ಅಳತೆಗೋಲಾಗಿ ಬಳಸಿದರು. ಮೊದಲು ಬಂದ ಜಿಲ್ಲೆಗಳನ್ನು ಕೊನೆಯಲ್ಲಿ ಬಂದವುಗಳೊಂದಿಗೆ ಹೋಲಿಸಿದರು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಬೇಸಿಗೆಯ ಒಣ ತಿಂಗಳುಗಳಲ್ಲಿ ಖಾಸಗಿ ಕೆಲಸದ ಕೂಲಿಯೂ ಶೇಕಡ 4.7ರಷ್ಟು ಏರಿತ್ತು. ಕಾಯ್ದೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳಲ್ಲಿಯೇ ಈ ಪರಿಣಾಮ ಎದ್ದು ಕಾಣುತ್ತಿತ್ತು.

ಇದರ ಅರ್ಥವನ್ನು ಗಮನಿಸಬೇಕು. ಸರಕಾರಿ ಕೆಲಸಕ್ಕೆ ಹೋದವನಿಗೆ ಮಾತ್ರ ಲಾಭವಾಗಲಿಲ್ಲ, ಹೋಗದವನ ಕೂಲಿಯೂ ಏರಿತು. ಏಕೆಂದರೆ ಅವನಿಗೆ ಬೇರೊಂದು ಬಾಗಿಲು ತೆರೆದಿದೆ ಎಂಬುದು ಕೆಲಸ ಕೊಡುವವನಿಗೆ ಗೊತ್ತಾಗಿತ್ತು. ಜಮೀನಿರುವವರು ಆಗ ಆಳು ಸಿಗುವುದಿಲ್ಲ ಎಂದು ದೂರಿದರು. ಆ ದೂರಿನಲ್ಲಿಯೂ ಸತ್ಯವಿದೆ. ಸಣ್ಣ ರೈತನಿಗೆ ಕೂಲಿ ಏರಿದರೆ ಕಷ್ಟ. ಆದರೆ ಒಬ್ಬನ ದೂರನ್ನು ಮಾತ್ರ ಕೇಳಿ ತೀರ್ಪು ಕೊಡುವುದು ನ್ಯಾಯಾಧೀಶನ ಲಕ್ಷಣವಲ್ಲ. ಇನ್ನೊಬ್ಬನ ಹೇಳಿಕೆಯನ್ನು ಸಾವಿರಾರು ಮನೆಗಳಿಂದ ಸಂಗ್ರಹಿಸಿ ಮುಂದಿಟ್ಟದ್ದು ಈ ಸಂಶೋಧನೆ.

ಈಗ ನಮ್ಮ ಮನೆಯೊಳಗಿನ ಮಾತು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಗೆ ಬಂದಾಗ ಪ್ರತಿಯೊಬ್ಬರ ಕೆಲಸವನ್ನೂ ಒಂದು ಸಂಖ್ಯೆಯಲ್ಲಿ ಬರೆದುಕೊಳ್ಳುತ್ತಾರೆ. ಸ್ವಂತ ಉದ್ಯೋಗಕ್ಕೆ 11, ಸಂಬಳವಿಲ್ಲದೆ ಕುಟುಂಬದ ಉದ್ಯೋಗದಲ್ಲಿ ನೆರವಾಗುವವರಿಗೆ 21, ತಿಂಗಳ ಸಂಬಳದವರಿಗೆ 31, ದಿನಗೂಲಿಗೆ 51. ಮನೆಗೆಲಸ ಮಾತ್ರ ಮಾಡುವವರಿಗೆ 92. ಬಾಗಿಲಲ್ಲಿ ನಿಂತ ಗಂಡಸು ತನ್ನ ಹೆಂಡತಿಯ ಬಗ್ಗೆ, “ಆಕೆ ಏನೂ ಮಾಡುವುದಿಲ್ಲ, ಮನೆಯಲ್ಲಿರುತ್ತಾಳೆ” ಎಂದರೆ ಕಾಗದದ ಮೇಲೆ 92 ಬೀಳುತ್ತದೆ. ಆಕೆ ಬೆಳಗ್ಗೆ ಎಮ್ಮೆಯ ಹಾಲು ಕರೆದು ಡೇರಿಗೆ ಹಾಕಿ ಬಂದಿರುತ್ತಾಳೆ, ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕುಳಿತು ನಾಲ್ಕು ರವಿಕೆ ಹೊಲಿದಿರುತ್ತಾಳೆ, ಮೆಣಸಿನಕಾಯಿಯ ಹಂಗಾಮಿನಲ್ಲಿ ತೊಟ್ಟು ಬಿಡಿಸಲು ಹೋಗಿರುತ್ತಾಳೆ. ಇವೆಲ್ಲವೂ ಆ ಒಂದು ಸಂಖ್ಯೆಯಲ್ಲಿ ಅಳಿಸಿಹೋಗುತ್ತವೆ.

ಈ ಸಮಸ್ಯೆ ನಮ್ಮೊಬ್ಬರದ್ದಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಅಮೆರಿಕದ ಹಳೆಯ ಜನಗಣತಿಗಳನ್ನು ಶೋಧಿಸಿದಾಗ ವಿವಾಹಿತ ಮಹಿಳೆಯರ ಉದ್ಯೋಗದ ಕಲಮಿನಲ್ಲಿ ‘ಹೆಂಡತಿ’ ಎಂದಷ್ಟೇ ಬರೆದಿರುವುದನ್ನು ಕಂಡರು. ಹೊಲದಲ್ಲಿ, ಕುಟುಂಬದ ಅಂಗಡಿಯಲ್ಲಿ ಆಕೆ ದುಡಿದದ್ದು ಲೆಕ್ಕಕ್ಕೆ ಬಂದಿರಲಿಲ್ಲ. ಬೇರೆ ದಾಖಲೆಗಳ ನೆರವಿನಿಂದ ಅವರು ಆ ಲೆಕ್ಕವನ್ನು ತಿದ್ದಿದರು. ಆಗ ಇಡೀ ಶತಮಾನದ ಚಿತ್ರವೇ ಬದಲಾಯಿತು. ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾರೆ. ಅಂಥ ಕೆಲಸದಲ್ಲಿ ತೊಡಗಿದ ಪುರುಷರು ವ್ಯಯಿಸುವುದು 97 ನಿಮಿಷ. ಸುಮಾರು ಐದು ಗಂಟೆಗಳ ದುಡಿಮೆಗೆ ‘ಏನೂ ಮಾಡುವುದಿಲ್ಲ’ ಎಂಬ ಹೆಸರು!

ಪ್ರಶ್ನಾವಳಿ ಹಿಡಿದು ಮನೆಗೆ ಬರುವ ಸಂಶೋಧನಾ ವಿದ್ಯಾರ್ಥಿನಿಯ ಮಹತ್ವ ಇಲ್ಲಿಯೇ ಇದೆ. ಆಕೆ ಬಾಗಿಲಲ್ಲಿ ನಿಲ್ಲುವುದಿಲ್ಲ, ಒಳಗೆ ಹೋಗುತ್ತಾಳೆ. ಅತ್ತೆಯನ್ನೂ ಸೊಸೆಯನ್ನೂ ಬೇರೆಬೇರೆಯಾಗಿ ಮಾತನಾಡಿಸುತ್ತಾಳೆ. “ಅಕ್ಕಾ, ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ?” ಎಂದು ಗಂಟೆಗಂಟೆಯ ಲೆಕ್ಕ ಕೇಳುತ್ತಾಳೆ. ಪರದೆಯ ಕಟ್ಟುಪಾಡಿರುವ ನಮ್ಮ ಮನೆಗಳಲ್ಲಿ ಇಂಥ ಮಾತುಕತೆ ಹೊರಗಿನ ಗಂಡಸಿನಿಂದ ಸಾಧ್ಯವಿಲ್ಲ. ನಮ್ಮವರೇ ಆದ, ದಖ್ಖನಿ ಉರ್ದುವನ್ನೂ ಹಾವೇರಿಯ ಕನ್ನಡವನ್ನೂ ಬಲ್ಲ ಹೆಣ್ಣುಮಗಳು ಕೇಳಿದರೆ ಮಾತ್ರ ಹೊರಬರುವ ಸತ್ಯಗಳಿವೆ. ಆದ್ದರಿಂದ ನಮ್ಮ ಹೆಣ್ಣುಮಕ್ಕಳು ಈ ಶಾಸ್ತ್ರವನ್ನು ಕಲಿಯುವುದು ಅಲಂಕಾರವಲ್ಲ, ಅವಶ್ಯಕತೆ.

ಎಣಿಕೆಗೆ ಸಿಗದವರ ಗತಿ ಏನಾಗುತ್ತದೆ ಎಂಬುದಕ್ಕೆ ಈ ನೆಲದಲ್ಲಿಯೇ ಎರಡು ಸಾಕ್ಷ್ಯಗಳಿವೆ. ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದರು, 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿತ್ತು. ಕಾಗದದ ಮೇಲೆ ಆ ಕೆಲಸ ಮಾಡುವವರೇ ಇರಲಿಲ್ಲ. ಆದರೆ 2010ರ ಜುಲೈ ತಿಂಗಳಲ್ಲಿ ಸವಣೂರಿನಲ್ಲಿ ಆ ಕೆಲಸದ ಕುಟುಂಬಗಳಿಗೆ ಸೇರಿದವರು ಸಾರ್ವಜನಿಕವಾಗಿ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ನಾವಿದ್ದೇವೆ ಎಂದು ತೋರಿಸಲು ಮನುಷ್ಯ ಅಷ್ಟರ ಮಟ್ಟಿಗೆ ಹೋಗಬೇಕಾಯಿತು. ಒಬ್ಬ ಪ್ರಾಮಾಣಿಕ ಗಣತಿದಾರ ಹತ್ತು ವರ್ಷ ಮೊದಲೇ ಅವರ ಹೆಸರುಗಳನ್ನು ಬರೆದು, ಆ ಬರಹವನ್ನು ಓದುವವರು ಓದಿದ್ದರೆ ಆ ದಿನ ಬರುತ್ತಿರಲಿಲ್ಲ.

ಎರಡನೆಯದು ಹತ್ತಿಯ ಬೀಜೋತ್ಪಾದನೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು 1972ರಲ್ಲಿ ‘ವರಲಕ್ಷ್ಮಿ’ ಎಂಬ ಸಂಕರಣ ಹತ್ತಿಯನ್ನು ರೂಪಿಸಿದ ಮೇಲೆ ಈ ಭಾಗದ ಬೇಸಾಯದ ದಿಕ್ಕೇ ಬದಲಾಯಿತು. ಸಂಕರಣ ಬೀಜವನ್ನು ಯಂತ್ರ ಮಾಡುವುದಿಲ್ಲ, ಬೆರಳುಗಳು ಮಾಡುತ್ತವೆ. ಮರುದಿನ ಅರಳಲಿರುವ ಮೊಗ್ಗಿನ ಕೇಸರಗಳನ್ನು ಸಂಜೆ ಬಿಡಿಸಬೇಕು, ಮುಂಜಾನೆ ಇನ್ನೊಂದು ಗಿಡದ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಇದೇ ಕೆಲಸ, ವಾರಗಟ್ಟಲೆ. ‘ಕ್ರಾಸಿಂಗ್’ ಎಂದು ಜನ ಕರೆಯುವ ಈ ಕೆಲಸಕ್ಕೆ ಎತ್ತರವಿಲ್ಲದ ಮೈ, ಸಣ್ಣ ಬೆರಳು ಅನುಕೂಲವೆಂಬ ನೆಪದಲ್ಲಿ ಹೆಣ್ಣುಮಕ್ಕಳನ್ನು ಶಾಲೆಯಿಂದ ಬಿಡಿಸುವುದು ನಡೆಯಿತು. ಹೈದರಾಬಾದಿನ ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹೊಲಗಳಲ್ಲಿ ವರ್ಷಗಟ್ಟಲೆ ಈ ಮಕ್ಕಳನ್ನು ಎಣಿಸಿದರು. 2015ರ ಅವರ ವರದಿ 14 ವರ್ಷಕ್ಕಿಂತ ಕಿರಿಯರಾದ ಸುಮಾರು 2 ಲಕ್ಷ ಮಕ್ಕಳು ದೇಶದ ಹತ್ತಿ ಬೀಜದ ಹೊಲಗಳಲ್ಲಿದ್ದಾರೆಂದು ಅಂದಾಜಿಸಿತು. ಎಣಿಸಿದ ಮೇಲೆಯೇ ದೊಡ್ಡ ಕಂಪನಿಗಳು ಉತ್ತರ ಕೊಡಬೇಕಾಯಿತು. ಒಬ್ಬ ತಂದೆ, ಬಡತನವಿದೆ ಸ್ವಾಮೀ, ಏನು ಮಾಡಲಿ ಎಂದರೆ ಅದು ಒಂದು ಮನೆಯ ಕಥೆ. 2 ಲಕ್ಷ ಎಂಬ ಸಂಖ್ಯೆ ಒಂದು ವ್ಯವಸ್ಥೆಯ ವಿರುದ್ಧದ ಸಾಕ್ಷ್ಯ.

ಸಾಕ್ಷ್ಯ ಎಂಬ ಪದವನ್ನು ನಾವು ಬೇಕೆಂದೇ ಬಳಸುತ್ತಿದ್ದೇವೆ. ಪವಿತ್ರ ಕುರ್‌ಆನ್ ಸಾಕ್ಷ್ಯವನ್ನು ಅಡಗಿಸುವುದನ್ನು ಹೃದಯದ ಪಾಪವೆಂದು ಕರೆಯುತ್ತದೆ. ಅದರ ಅತ್ಯಂತ ದೀರ್ಘವಾದ ಸೂಕ್ತ ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬೇಡಿರೆಂಬ ಉಪದೇಶ ಅದರಲ್ಲಿದೆ. ಮೂಸಾ(ಅ) ಮದ್‌ಯನ್‌ನಲ್ಲಿ ದುಡಿಯಲು ಒಪ್ಪಿದಾಗ ಎಂಟು ವರ್ಷ, ಇಚ್ಛೆಯಿದ್ದರೆ ಹತ್ತು ವರ್ಷ ಎಂದು ಅವಧಿ ನಿಶ್ಚಯವಾಗಿತ್ತು. ಒಬ್ಬ ಪ್ರವಾದಿಯ ದುಡಿಮೆಗೂ ಕರಾರು ಇತ್ತು. ನಂಬಿಕೆಯ ಹೆಸರಿನಲ್ಲಿ ಅದನ್ನು ಅಸ್ಪಷ್ಟವಾಗಿ ಬಿಟ್ಟಿರಲಿಲ್ಲ.

ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ಮುಹಮ್ಮದ್(ಸ)ರ ಆದೇಶವನ್ನು ತಿಳಿಯದ ಮುಸ್ಲಿಮನಿಲ್ಲ. ಜುಮಾ ಪ್ರವಚನಗಳಲ್ಲಿ ಅದನ್ನು ಕೇಳುತ್ತಲೇ ಇರುತ್ತೇವೆ. ಆದರೆ ಆ ಆದೇಶ ಯಾವಾಗ ಕೊಡಬೇಕೆಂಬುದನ್ನು ಹೇಳುತ್ತದೆ. ಎಷ್ಟು ಕೊಡಬೇಕು? ಮದ್ರಸಾದಲ್ಲಿ ಹಿದಾಯಾ ಓದಿದವರೆಲ್ಲರಿಗೂ ಇಜಾರಾ ಅಧ್ಯಾಯದ ಮೂಲನಿಯಮ ನೆನಪಿರಬೇಕು: ಕೆಲಸವೂ ತಿಳಿದಿರಬೇಕು, ಪ್ರತಿಫಲವೂ ತಿಳಿದಿರಬೇಕು, ಇಲ್ಲವಾದರೆ ಕರಾರು ದೋಷಯುಕ್ತ. ನಿನಗೇನು ಕಡಿಮೆ ಮಾಡುತ್ತೇನೆಯೇ, ಕೊಡೋಣ ಬಾ ಎಂದು ಕೆಲಸಕ್ಕೆ ಕರೆಯುವುದು ಔದಾರ್ಯದ ಮಾತಿನಂತೆ ಕೇಳಿಸಿದರೂ ಶರೀಅತ್ತಿನ ದೃಷ್ಟಿಯಲ್ಲಿ ದೋಷವೇ. ಮೈ ಬಗ್ಗಿಸಿ ದುಡಿದವನಿಗೆ ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಹದೀಸ್ ಎಚ್ಚರಿಸುತ್ತದೆ. 1377ರಲ್ಲಿ ‘ಮುಕದ್ದಿಮಾ’ ಬರೆದ ಇಬ್ನ್ ಖಲ್ದೂನ್ ಮನುಷ್ಯನ ಗಳಿಕೆಯ ಮೂಲ ಮನುಷ್ಯಶ್ರಮವೆಂದು ವಿವರಿಸಿದಾಗ ಯುರೋಪಿನಲ್ಲಿ ಅರ್ಥಶಾಸ್ತ್ರವೆಂಬ ಶಾಸ್ತ್ರದ ಹೆಸರೇ ಇರಲಿಲ್ಲ. ಕನಕದಾಸರ ಬಾಡ, ಶರೀಫರ ಶಿಶುನಾಳ, ಸರ್ವಜ್ಞನ ಹೆಸರಿನೊಂದಿಗೆ ಬೆಸೆದ ಅಬಲೂರು ಇರುವ ಈ ನೆಲದಲ್ಲಿ ಕಾಯಕದ ಗೌರವ ಎಲ್ಲ ಧರ್ಮದವರ ಸಮಾನ ಆಸ್ತಿ. ದುಡಿಮೆಯ ಅಧ್ಯಯನ ನಮಗೆ ಹೊರಗಿನಿಂದ ಬಂದ ಸರಕಲ್ಲ.

ಆಕ್ಷೇಪಗಳನ್ನೂ ನೋಡೋಣ. ಪ್ರಶ್ನೆ ಕೇಳಲು ಬಂದವರನ್ನು ಕಂಡರೆ ನಮ್ಮ ಮೊಹಲ್ಲಾಗಳಲ್ಲಿ ಇತ್ತೀಚೆಗೆ ಭಯ ಹೆಚ್ಚಿದೆ. ಹೆಸರೇಕೆ, ಎಷ್ಟು ಜನ ಏಕೆ, ದಾಖಲೆ ಯಾವುದಕ್ಕೆ ಎಂಬ ಅನುಮಾನ. ಈ ಭಯಕ್ಕೆ ಕಾರಣಗಳಿವೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಪರಿಹಾರವೆಂದರೆ ಬಾಗಿಲು ಮುಚ್ಚುವುದಲ್ಲ, ಕೇಳಿ ತಿಳಿಯುವುದು. ಬಂದವರು ಯಾವ ವಿಶ್ವವಿದ್ಯಾಲಯದವರು, ಮಾರ್ಗದರ್ಶಕರ ಪತ್ರವಿದೆಯೇ, ಹೆಸರನ್ನು ಗುಪ್ತವಾಗಿಡುತ್ತಾರೆಯೇ, ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸದಿರಬಹುದೇ ಎಂದು ಕೇಳುವ ಹಕ್ಕು ಪ್ರತಿ ಮನೆಗೂ ಇದೆ. ಪ್ರಾಮಾಣಿಕ ಸಂಶೋಧಕರು ಇವಕ್ಕೆ ಸಂತೋಷದಿಂದಲೇ ಉತ್ತರಿಸುತ್ತಾರೆ. ಆ ಬಳಿಕ ಕೊಡುವ ಉತ್ತರ ಸತ್ಯವಾಗಿರಲಿ. ನೆರವು ಸಿಗಬಹುದೆಂದು ಆದಾಯವನ್ನು ಕಡಿಮೆ ಹೇಳುವುದು, ಮರ್ಯಾದೆಗಾಗಿ ಹೆಂಗಸರ ದುಡಿಮೆಯನ್ನು ಮುಚ್ಚಿಡುವುದು, ಶಾಲೆಗೆ ಹೋಗದ ಮಗನನ್ನು ಶಾಲೆಯಲ್ಲಿದ್ದಾನೆ ಎನ್ನುವುದು, ಇವು ಸಣ್ಣ ಸುಳ್ಳುಗಳಂತೆ ಕಂಡರೂ ಕೂಡಿದಾಗ ದೊಡ್ಡ ಅನ್ಯಾಯವಾಗುತ್ತವೆ. ನಾಳೆ ಸಮುದಾಯದ ಸ್ಥಿತಿಗತಿಯ ಬಗ್ಗೆ ವಾದಿಸುವಾಗ ನಮ್ಮ ಕೈಯಲ್ಲಿರುವುದು ಅದೇ ಲೆಕ್ಕ.

ಸಂಶೋಧನೆಯಿಂದ ಹೊಟ್ಟೆ ತುಂಬುವುದೇ ಎಂಬುದು ಇನ್ನೊಂದು ಆಕ್ಷೇಪ. ಸಂಶೋಧಕಿಯ ಹೊಟ್ಟೆಯೇ ತುಂಬುವುದು ಕಷ್ಟ ಎಂಬುದು ಇಂದಿನ ಸತ್ಯ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022–23ರಿಂದ ನಿಲ್ಲಿಸಲಾಗಿದೆ ಎಂದು ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಬೇರೆ ಯೋಜನೆಗಳಿವೆ ಎಂಬುದು ಅದು ಕೊಟ್ಟ ಕಾರಣ. ಹಿರೇಕೆರೂರಿನ ಹಳ್ಳಿಯ ಹುಡುಗಿಗೆ ಧಾರವಾಡದ ವಸತಿ ಖರ್ಚು, ಹಳ್ಳಿಹಳ್ಳಿ ತಿರುಗಲು ಬಸ್ ಚಾರ್ಜು, ಪ್ರಶ್ನಾವಳಿ ಮುದ್ರಿಸಲು ಹಣ, ಇವು ದೊಡ್ಡ ಮೊತ್ತಗಳಲ್ಲ. ಆದರೆ ಇಲ್ಲದಿದ್ದರೆ ಅಧ್ಯಯನ ನಿಂತೇಹೋಗುತ್ತದೆ. ನಿಕಾಹ್‌ನ ಒಂದು ಹೊತ್ತಿನ ಊಟದ ವೆಚ್ಚದಲ್ಲಿ ಇಂಥ ಒಬ್ಬಳ ಒಂದು ವರ್ಷದ ಕ್ಷೇತ್ರಕಾರ್ಯ ಮುಗಿಯುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಆದ್ದರಿಂದ ನಮ್ಮ ಸಲಹೆಗಳು ಸರಳ. ನಾಲ್ಕು ತಾಲೂಕುಗಳ ಅಂಜುಮನ್‌ಗಳು ಕೂಡಿ ವರ್ಷಕ್ಕೆ ಒಬ್ಬಿಬ್ಬರು ಸಂಶೋಧನಾ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ವೆಚ್ಚವನ್ನು ವಹಿಸಿಕೊಳ್ಳಲಿ. ಝಕಾತ್‌ನ ಹಣವನ್ನು ಇದಕ್ಕೆ ಬಳಸಬಹುದೇ ಎಂಬ ಚರ್ಚೆಯನ್ನು ಉಲಮಾಗಳಿಗೆ ಬಿಟ್ಟು, ಸದಕಾದ ಹಣದಿಂದಲಾದರೂ ಆರಂಭಿಸಬಹುದು. ಅಧ್ಯಯನಕ್ಕೆ ಬರುವ ಹೆಣ್ಣುಮಕ್ಕಳಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಊರಿನಲ್ಲಿ ಸುರಕ್ಷಿತವಾಗಿ ಉಳಿದುಕೊಳ್ಳಲು ಒಂದು ಮನೆಯ ವ್ಯವಸ್ಥೆ ಮಾಡಲಿ. ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಕನ್ನಡದಲ್ಲಿ, ಉತ್ತರ ಕೊಟ್ಟ ಮನೆಗಳ ಮುಂದೆಯೇ ಹೇಳಬೇಕೆಂಬ ಷರತ್ತನ್ನೂ ಹಾಕಲಿ. ಉತ್ತರ ಕೊಟ್ಟವರು ತಮ್ಮ ಉತ್ತರ ಏನಾಯಿತೆಂದು ತಿಳಿಯುವ ಹಕ್ಕುಳ್ಳವರು; ಇಂಗ್ಲಿಷಿನ ಪ್ರಬಂಧವಾಗಿ ಕಪಾಟಿನಲ್ಲಿ ಉಳಿದರೆ ಅದು ಅರ್ಧ ಕೂಲಿ ಕೊಟ್ಟಂತೆ. ಧಾರವಾಡದ ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಇಂಥ ಕಡೆಗಳಲ್ಲಿ ನಮ್ಮ ಮಕ್ಕಳು ಕಾಣಿಸಿಕೊಳ್ಳಲಿ.

ಕೊನೆಯ ಸಲಹೆ ಜಮಾಅತ್‌ಗಳಿಗೆ. ಲೆಕ್ಕವನ್ನು ಮಸೀದಿಯಿಂದಲೇ ಆರಂಭಿಸೋಣ. ಪೇಶ್ ಇಮಾಮರಿಗೆ, ಮುಅಝ್ಝಿನರಿಗೆ, ಮಕ್ತಬ್‌ನ ಉಸ್ತಾದರಿಗೆ, ಶೌಚಾಲಯ ಸ್ವಚ್ಛ ಮಾಡುವವರಿಗೆ ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ವಾರಕ್ಕೆ ಎಷ್ಟು ರಜೆ ಎಂಬುದು ಲಿಖಿತವಾಗಿ ಇದೆಯೇ? ದಿನಕ್ಕೆ ಐದು ಬಾರಿ ಹಾಜರಿರಬೇಕಾದವರ ಸಂಬಳ ಒಬ್ಬ ಗಾರೆ ಕೆಲಸದವನ ತಿಂಗಳ ದುಡಿಮೆಗೆ ಸಮನಾಗಿದೆಯೇ? ಇದಕ್ಕೆ ಉತ್ತರ ಹುಡುಕಲು ಯಾವ ಸಂಶೋಧಕರೂ ಬರಬೇಕಾಗಿಲ್ಲ. ಜಮಾಅತ್‌ನ ಒಂದು ಸಭೆ ಸಾಕು. ಸೇವೆಯೆಂಬ ಪವಿತ್ರ ಪದ ಕಡಿಮೆ ಕೂಲಿಗೆ ಪರದೆಯಾಗಬಾರದು. ತನ್ನ ಅಂಗಳದ ಕೂಲಿಯನ್ನು ಬರೆದಿಟ್ಟ ಸಮುದಾಯ ಮಾತ್ರ ಊರಿನ ಕೂಲಿಯ ಬಗ್ಗೆ ಧೈರ್ಯದಿಂದ ಮಾತನಾಡಬಲ್ಲದು.

ಕೂಲಿಯ ಬಗ್ಗೆ ತಿಳಿಯಲು ಡಾಕ್ಟರೇಟ್ ಬೇಕೇ ಎಂದು ಕೇಳುವವರಿಗೆ ನಮ್ಮ ಉತ್ತರವಿದು: ಕೂಲಿಯನ್ನು ಅನುಭವಿಸಲು ಬೇಡ, ಅದರ ಅನ್ಯಾಯವನ್ನು ಅಳೆದು ತೋರಿಸಲು ಬೇಕು. ಅಣುವಿನಷ್ಟು ಒಳಿತೂ ಅಣುವಿನಷ್ಟು ಕೆಡುಕೂ ಲೆಕ್ಕಕ್ಕೆ ಬರುವ ಒಂದು ದಿನವಿದೆಯೆಂದು ನಂಬಿರುವವರು ಈ ಲೋಕದ ಲೆಕ್ಕವನ್ನು ಉಪೇಕ್ಷಿಸುವುದು ಹೊಂದುವುದಿಲ್ಲ. ಮುಂದಿನ ಬಾರಿ ಹಾನಗಲ್ಲಿನ ಗದ್ದೆಯ ಬದುವಿನಲ್ಲಿ, ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ, ಸವಣೂರಿನ ಎಲೆತೋಟದಲ್ಲಿ ಅಥವಾ ಹಿರೇಕೆರೂರಿನ ಹತ್ತಿ ಹೊಲದಲ್ಲಿ ಯಾವಳಾದರೂ ಹುಡುಗಿ ಕಾಗದ ಪೆನ್ನು ಹಿಡಿದು, “ಅಣ್ಣಾ, ಒಂದು ಹತ್ತು ನಿಮಿಷ ಮಾತನಾಡಬಹುದೇ?” ಎಂದು ಕೇಳಿದರೆ ಆಕೆಗೆ ಕೂರಲು ಜಾಗ ಕೊಡಿ, ಕುಡಿಯಲು ನೀರು ಕೊಡಿ, ಆಮೇಲೆ ನಿಜವನ್ನೇ ಹೇಳಿ.